ಹ್ಯಾಂಡ್‌ಬ್ರೇಕ್ ಎಳೆದವರು

ದೆವ್ವ, ಗಾಳಿ, ಅಶರೀರವಾಣಿಗಳ ಸುದ್ದಿ ಶುರುವಾದರೆ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಡುವ ಜಾತಿಯವನು ನಾನು. ಗದಗಿನ ಹತ್ತಿರದ ನಮ್ಮ ಮನೆಯಲ್ಲಿ ದೇವರ ಜಗಲಿ ಇತ್ತು, ಅಮಾವಾಸ್ಯೆಗೆ ಕಾಯಿ ಒಡೆಯುವುದಿತ್ತು. ಅಂಜಿಸುವ ಕಥೆಗಳಿಗೆ ಮಾತ್ರ ಜಾಗ ಇರಲಿಲ್ಲ. ಅಪ್ಪ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುತ್ತಿದ್ದರು. ಎಲ್ಲಿಂದಾದರೂ ವಿಚಿತ್ರ ಶಬ್ದ ಬಂದು ನಾವು ಹುಡುಗರು ಬೆದರಿದರೆ, "ಸಪ್ಪಳ ಅಂದಮ್ಯಾಲೆ ಎಲ್ಲೋ ಒಂದು ಬೇರಿಂಗ್ ಹೋಗೇತಿ, ಮಕ್ಕೋರಿ" ಎನ್ನುತ್ತಿದ್ದರು. ಅದೇ ನನ್ನ ವೇದಾಂತವಾಯಿತು. ಮುಂದೆ ಒಮಾನಿಗೆ ಬಂದು, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರವೊಂದರಲ್ಲಿ ಮೀಟರುಗಳ ಉಸ್ತುವಾರಿಗೆ ಸೇರಿದ ಮೇಲಂತೂ ಅದು ಇನ್ನೂ ಗಟ್ಟಿಯಾಯಿತು. ಮೀಟರು ತಪ್ಪು ತೋರಿಸಿದರೆ ಒಂದೋ ಮೀಟರು ಕೆಟ್ಟಿರುತ್ತದೆ, ಇಲ್ಲವೇ ವಯರು. ಮೂರನೆಯ ಕಾರಣ ನಾನು ಕಂಡಿರಲಿಲ್ಲ.

ಇಷ್ಟನ್ನು ಮೊದಲೇ ಹೇಳಿಬಿಡುವುದು ಏಕೆಂದರೆ, ಈಗ ನಾನು ಬರೆಯಲಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಕೆಲವು ವರ್ಷಗಳ ಹಿಂದೆ, ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಬಾಡಿಗೆ ಮನೆಯ ಶೆಡ್ಡಿನಲ್ಲಿ, ಹಾಡಹಗಲಲ್ಲಿ ನಡೆದದ್ದಿದು.

ನನ್ನ ಹೆಂಡತಿ ಶಶಿಕಲಾ ಕಾಪು ಕಡೆಯವಳು, ಮನೆಮಾತು ತುಳು. ನಮ್ಮಿಬ್ಬರ ಭೇಟಿಯಾದದ್ದು ಮಸ್ಕತ್ತಿನಲ್ಲೇ, ಗೆಳೆಯರೊಬ್ಬರ ಮನೆಯ ಗಣೇಶನ ಊಟದ ಸಾಲಿನಲ್ಲಿ. ನಾನು "ಇನ್ನೊಂದೀಟು ಸಾರು ಹಾಕ್ರಿ" ಎಂದದ್ದಕ್ಕೆ ಬಡಿಸುತ್ತಿದ್ದ ಅವಳು ನಕ್ಕಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಮನೆಯಲ್ಲಿ ಎರಡು ಕನ್ನಡಗಳು ಒಂದರೊಳಗೊಂದು ಸೇರದೆ ಜೊತೆಯಲ್ಲಿ ಬಾಳುತ್ತಿವೆ. ನನ್ನದು "ಏನ್ ಮಾಡಾಕತ್ತಿ", ಅವಳದು "ಎಂತ ಮಾಡ್ತಿದ್ದೀರಿ". ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ಇಲ್ಲಿ ಹೇಳಬೇಕಾದ್ದೇನೂ ಇಲ್ಲ. ಅವಳು ಖುರುಮ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೌಂಟರಿನ ಕೆಲಸ ನೋಡಿಕೊಳ್ಳುತ್ತಾಳೆ. ನನಗೆ ಶುಕ್ರವಾರ, ಶನಿವಾರ ಎರಡೂ ರಜೆ. ಅವಳಿಗೆ ಶನಿವಾರ ಕೆಲಸ.

ಕಾರಿನ ಹುಚ್ಚು ನನಗೆ ಕಾಲೇಜಿನ ದಿನಗಳಿಂದ ಇತ್ತು. ಆಗ ಕಾರು ಕೊಳ್ಳುವುದಿರಲಿ, ಹತ್ತಿರ ನಿಂತು ನೋಡುವ ಅವಕಾಶವೂ ಇರಲಿಲ್ಲ. ನಲವತ್ತು ದಾಟಿದ ಮೇಲೆ ಒಂದು ದಿನ, ಯಾವುದೋ ಕೆಲಸಕ್ಕೆ ಒಳನಾಡಿನ ನಿಜ್ವಾ ಪಟ್ಟಣಕ್ಕೆ ಹೋದಾಗ, ಖರ್ಜೂರದ ಮರಗಳ ನೆರಳಲ್ಲಿ ಅದು ನಿಂತಿತ್ತು. ಜಪಾನಿನದು, ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ತಗ್ಗು. ಬಾನೆಟ್ಟಿನ ಮೇಲೆ ಹಣ್ಣುಗಳು ಬಿದ್ದು ಒಣಗಿ ಅಂಟಿಕೊಂಡಿದ್ದವು. ಟೈರುಗಳು ಕೂತುಬಿಟ್ಟಿದ್ದವು. ಒಡೆಯ ಸುಲೈಮಾನ್, ಅಲ್ಲಿನ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದ ಒಮಾನಿ. ನನ್ನ ವಯಸ್ಸಿನವನೇ. ಟರ್ಬೊ ಒಡೆದು, ಅದರ ಚೂರುಗಳು ಇಂಜಿನ್ನಿನೊಳಗೆ ಹೋಗಿ ಕೆಟ್ಟಿತ್ತಂತೆ. "ಆಮೇಲೆ ಮಕ್ಕಳಾದರು. ಇದರಲ್ಲಿ ಅವರಿಗೆ ಜಾಗ ಎಲ್ಲಿದೆ?" ಎಂದು ಅರಬಿ ಬೆರೆಸಿದ ಹಿಂದಿಯಲ್ಲಿ ಹೇಳಿ ಕಾರಿನ ತಲೆ ಸವರಿದ. ಅವನಿಗೂ ಅದನ್ನು ಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲೂ ಆಗುತ್ತಿಲ್ಲ ಎಂಬುದು ಕಾಣುತ್ತಿತ್ತು. ಕೊನೆಗೆ ನನಗೆ ಮಾರಿದ.

ರಿಕವರಿ ಗಾಡಿ ಅದನ್ನು ನಮ್ಮ ಶೆಡ್ಡಿನಲ್ಲಿ ಇಳಿಸಿದ ಸಂಜೆ ಶಶಿ ಕ್ಲಿನಿಕ್ಕಿನಿಂದ ಬಂದವಳು ಚಪ್ಪಲಿ ಬಿಡದೆ ಒಂದು ಸುತ್ತು ಹಾಕಿದಳು. ಏರ್ ಫಿಲ್ಟರಿನ ಡಬ್ಬಿಯೊಳಗೆ ಗುಬ್ಬಿಯ ಗೂಡಿತ್ತು.

"ಇದರಲ್ಲಿ ಎಂತ ಉಂಟು ಅಂತ ತಂದ್ರಿ ಮಾರಾಯ್ರೆ?" ಎಂದಳು.

"ಎಲ್ಲಾ ಐತಿ. ಬಿಚ್ಚಿ ಜೋಡಿಸಬೇಕಷ್ಟ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದೆರಡು ವಾರ ಶೆಡ್ಡಿನ ಕಡೆ ಸುಳಿಯಲೇ ಇಲ್ಲ. ನಾನು ಒಬ್ಬನೇ ಬಿಚ್ಚಿದೆ. ಇಂಜಿನ್ನನ್ನು ಚೈನ್‌ಬ್ಲಾಕಿಗೆ ತೂಗುಹಾಕಿ ಹೊರಗೆಳೆದೆ, ಪಿಸ್ಟನ್ನುಗಳನ್ನು ತೆಗೆದೆ, ಇಂಜಿನ್ನಿನ ಬ್ಲಾಕನ್ನು ಕೊರೆಸಲು ಗ್ಯಾರೇಜುಗಳ ಬೀದಿಗೆ ಒಯ್ದೆ. ವಾಪಸು ತಂದು ಜೋಡಿಸುವಾಗ ಒಂದು ಚಿಕ್ಕ ಬೋಲ್ಟು ಕೈತಪ್ಪಿ ಇಂಜಿನ್ನಿನ ಸಂದಿಯೊಂದರಲ್ಲಿ ಬಿತ್ತು. ನನ್ನ ಕೈ ಹೋಗದು. ಆಯಸ್ಕಾಂತದ ಕಡ್ಡಿ ಹಾಕಿದೆ, ಬರಲಿಲ್ಲ. ಬೆಳಗಿನಿಂದ ಒದ್ದಾಡಿ ಸೋತು ನೆಲದ ಮೇಲೆ ಕೂತಿದ್ದೆ. ಶಶಿ ಬಟ್ಟೆ ಒಣಗಿಸಲು ಬಂದವಳು ನೋಡಿದಳು. ಏನೂ ಕೇಳದೆ ಬಳೆ ತೆಗೆದು ನನ್ನ ಕೈಗೆ ಕೊಟ್ಟು, ಸಂದಿಯೊಳಗೆ ಕೈಯಿಳಿಸಿ ಬೋಲ್ಟನ್ನು ಎತ್ತಿ ತೋರಿಸಿದಳು. ಮೊಣಕೈವರೆಗೆ ಗ್ರೀಸಾಗಿತ್ತು. ಆ ಗ್ರೀಸನ್ನು ನೋಡಿಕೊಂಡು ಅವಳು ನಕ್ಕದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಂದ ಕಾರು ಇಬ್ಬರದಾಯಿತು. ಹಳೆಯ ಟೂತ್‌ಬ್ರಶ್ ಹಿಡಿದು ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದವಳು ಅವಳು. ಇಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ, ಒಳಕ್ಕೆ ಹೆಚ್ಚು ಗಾಳಿ ತಳ್ಳುವ ಟರ್ಬೊ ನೋಡಲು ಬಸವನಹುಳುವಿನ ಚಿಪ್ಪಿನಂತೆಯೇ ಇರುತ್ತದೆ. ಅವಳು ಅದಕ್ಕೆ ತುಳುವಿನಲ್ಲಿ 'ನರ್ತೆ' ಎಂದು ಹೆಸರಿಟ್ಟಳು. ಹೊಸ ನರ್ತೆ ಪಾರ್ಸೆಲ್‌ನಲ್ಲಿ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಳು. ಇಲ್ಲಿನ ಸೆಕೆಗೆ ತಡೆಯಲೆಂದು ನಾನು ದೊಡ್ಡ ರೇಡಿಯೇಟರು ಹಾಕಿದೆ. ಮೂತಿಯಲ್ಲಿ ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರನ್ನೂ ದೊಡ್ಡದು ಮಾಡಿದೆ. ಅದಕ್ಕಾಗಿ ಬಂಪರಿನ ಒಳಭಾಗ ಕತ್ತರಿಸಬೇಕಾದಾಗ ಗೆರೆ ಎಳೆದು ಕೊಟ್ಟವಳೂ ಅವಳೇ. ರವಿಕೆ ಹೊಲಿಯುವವಳ ಕಣ್ಣು, ಗೆರೆ ಒಂದು ಕೂದಲೂ ತಪ್ಪಲಿಲ್ಲ.

ನಾವು ಕೆಲಸ ಮಾಡುವಾಗ ಮಾತಾಡಿಕೊಳ್ಳುತ್ತಿದ್ದೆವು. ಮನೆಯೊಳಗೆ, ಊಟದ ಮೇಜಿನಲ್ಲಿ ಆಡದ ಮಾತುಗಳು ಶೆಡ್ಡಿನಲ್ಲಿ ಬರುತ್ತಿದ್ದವು. ನಾನು ಕಾರಿನಡಿ, ಅವಳು ಡ್ರೈವರ್ ಸೀಟಿನಲ್ಲಿ. ಮುಖ ಕಾಣದ ಕಾರಣಕ್ಕೋ ಏನೋ ಮಾತು ಸಲೀಸು. ಅವಳ ಅಜ್ಜಿ, ನನ್ನ ಅಪ್ಪ, ಮದುವೆಯ ಮೊದಲ ವರ್ಷ ನಾವು ಜಗಳವಾಡಿದ ಕಾರಣಗಳು, ಎಲ್ಲವೂ ಬಂದುಹೋಗುತ್ತಿದ್ದವು.

ಈಗ ಆ ಶನಿವಾರಕ್ಕೆ ಬರುತ್ತೇನೆ.

ಚಳಿಗಾಲ ಮುಗಿಯುತ್ತ ಬಂದಿತ್ತು. ಇಂಜಿನ್ನು, ಗೇರ್‌ಬಾಕ್ಸು ಎರಡೂ ಒಳಗೆ ಕೂತಿದ್ದವು. ಚಕ್ರ ಬಿಚ್ಚಿ ಕಾರನ್ನು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದೆ. ಅಂದು ಮಾಡಬೇಕಾಗಿದ್ದದ್ದು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಬಿಗಿಯುವುದು. ಇದರಲ್ಲೊಂದು ತೊಡಕಿದೆ. ಬೋಲ್ಟಿಗೆ ಪಾನಾ, ಅಂದರೆ ಸ್ಪ್ಯಾನರು, ಹಚ್ಚಿ ಬಲ ಹಾಕಿದರೆ ಶಾಫ್ಟೇ ತಿರುಗಿಬಿಡುತ್ತದೆ. ಒಳಗೆ ಒಬ್ಬರು ಕೂತು ಹ್ಯಾಂಡ್‌ಬ್ರೇಕ್ ಎಳೆದು ಹಿಡಿದರೆ ಅದು ನಿಲ್ಲುತ್ತದೆ. ಒಂದು ಬೋಲ್ಟು ಬಿಗಿದ ಮೇಲೆ ಬ್ರೇಕ್ ಬಿಡಬೇಕು, ಶಾಫ್ಟನ್ನು ತಿರುಗಿಸಿ ಮುಂದಿನ ಬೋಲ್ಟನ್ನು ಕೈಗೆಟುಕುವಂತೆ ತರಬೇಕು, ಮತ್ತೆ ಎಳೆಯಬೇಕು. ಹಾಗಾಗಿ ಶಶಿ ಬರುವ ತನಕ ಬ್ರೇಕುಗಳನ್ನು ದ್ರಾವಣ ಹಾಕಿ ತೊಳೆಯುತ್ತಿರೋಣವೆಂದು ಮಧ್ಯಾಹ್ನದ ಊಟ ಮುಗಿಸಿ, ಗಾಲಿಯ ಹಲಗೆಯ ಮೇಲೆ ಮಲಗಿ ಕಾರಿನಡಿ ಜಾರಿದೆ.

ಸ್ವಲ್ಪ ಹೊತ್ತಿಗೆ ಗೇಟಿನ ಚಿಲಕದ ಸಪ್ಪಳವಾಯಿತು. ಇಂಟರ್‌ಲಾಕ್ ಕಲ್ಲಿನ ಮೇಲೆ ಚಪ್ಪಲಿಯ ಸದ್ದು. ಶನಿವಾರ ಪೇಶಂಟುಗಳು ಕಡಿಮೆಯಿದ್ದರೆ ಕ್ಲಿನಿಕ್ಕು ಬೇಗ ಮುಚ್ಚುವುದುಂಟು. ನಾನು ಹಿಂದಿನ ತುದಿಯಲ್ಲಿ, ಮಲಗಿಕೊಂಡು ಮೇಲೆ ನೋಡುತ್ತಿದ್ದೆ. ತಲೆ ತಿರುಗಿಸುವಷ್ಟು ಜಾಗವೂ ಇರಲಿಲ್ಲ, ತಿರುಗಿಸುವ ಅಗತ್ಯವೂ ಕಾಣಲಿಲ್ಲ.

"ಬಂದ್ಯೇನು?" ಎಂದೆ.

"ಹ್ಞೂಂ" ಎಂದಳು.

"ಒಳಗ ಕುಂದರು. ಬ್ರೇಕ್ ಎಳಿ."

ಬಾಗಿಲು ತೆರೆದ ಸದ್ದು. ಆಮೇಲೆ ಹ್ಯಾಂಡ್‌ಬ್ರೇಕಿನ ಕಟಕಟ. "ಎಳೆದೆ" ಎಂದಳು. ನಾನು ಬಿಗಿದೆ. "ಬಿಡು" ಎಂದೆ. "ಬಿಟ್ಟೆ." ಶಾಫ್ಟು ಹಗುರಾಗಿ ತಿರುಗಿತು. ಮತ್ತೆ "ಎಳಿ", ಮತ್ತೆ "ಎಳೆದೆ". ಹೀಗೆಯೇ ಎಲ್ಲ ಬೋಲ್ಟುಗಳೂ ಆದವು. ಒಂದರ ದಾರ ಸ್ವಲ್ಪ ಹಿಡಿದುಕೊಂಡಿತ್ತು. ಅದಕ್ಕೆ ಹೊತ್ತು ಹಿಡಿಯಿತು, ಅವಳು ಬೇಸರಿಸದೆ ಹಿಡಿದೇ ಇದ್ದಳು.

ಆ ಬೋಲ್ಟನ್ನು ಬಿಗಿಯುವಾಗ ನನಗೆ ಏಕೆ ಹಾಗನ್ನಿಸಿತೋ ತಿಳಿಯದು. ಶೆಡ್ಡಿನ ಸಂದಿನಿಂದ ಬಿಸಿಲಿನ ಒಂದು ಪಟ್ಟಿ ನನ್ನ ಕಾಲ ಮೇಲೆ ಬಿದ್ದಿತ್ತು. ಕೆಲಸ ಚೆನ್ನಾಗಿ ಸಾಗಿತ್ತು. ನಮ್ಮ ಕಡೆಯ ಗಂಡಸರು ಹೆಂಡತಿಗೆ ಇಂಥ ಮಾತು ಹೇಳುವ ರೂಢಿಯಿಲ್ಲ. ನನ್ನ ಅಪ್ಪ ಹೇಳಿದ್ದನ್ನು ನಾನು ಕೇಳಿಲ್ಲ, ನಾನೂ ಹೇಳಿರಲಿಲ್ಲ. ಅಂದು ಹೇಳಿದೆ.

"ಶಶಿ, ಒಂದ್ ಮಾತ್ ಹೇಳ್ತೀನಿ, ನಗಬ್ಯಾಡ. ನನ್ನ ಜೀವನದಾಗ ಇಷ್ಟು ಆರಾಮ ನಾ ಯಾವಾಗೂ ಇದ್ದಿದ್ದಿಲ್ಲ. ಕಾರಿನ ಸಲುವಾಗಿ ಅಲ್ಲ. ನೀ ಹಿಂಗ ಬಾಜೂಕ ಇರ್ತಿ ನೋಡು, ಅದಕ್ಕ."

ಉತ್ತರ ಬಂತು. "ಗೊತ್ತುಂಟು."

ಅಷ್ಟೇ. ನಗಲಿಲ್ಲ. ನನಗೂ ನಾಚಿಕೆಯಾಯಿತು. ಹಲಗೆಯನ್ನು ಮುಂದಕ್ಕೆ ಜಾರಿಸಿಕೊಂಡು ಗೇರ್‌ಬಾಕ್ಸಿನ ಕೆಳಗೆ ಬಂದೆ. ಅದನ್ನು ಹೊತ್ತಿರುವ ಅಡ್ಡಪಟ್ಟಿಯ ಬೋಲ್ಟುಗಳನ್ನು ಒಮ್ಮೆ ನೋಡಿಬಿಡೋಣವೆಂದು ಪಾನಾ ಹಚ್ಚಿದೆ.

"ಸಾಕು ಮಾರಾಯ್ರೆ" ಎಂಬ ಮಾತು ಕೇಳಿತು. "ಹೊರಗೆ ಬನ್ನಿ ಒಮ್ಮೆ. ಚಾ ತಣಿತದೆ."

"ಇದೊಂದ್ ಮುಗಿಸಿ ಬರ್ತೀನಿ."

"ಬನ್ನಿ ಅಂದ್ರೆ ಬನ್ನಿ." ಸ್ವರ ಏರಿರಲಿಲ್ಲ, ಆದರೆ ನಾನು ಊಟಕ್ಕೆ ತಡಮಾಡಿದಾಗ ಅವಳು ಹೇಳುವ ಅದೇ ಧಾಟಿ. ಆ ಧಾಟಿಗೆ ಎದುರು ಮಾತಾಡಿ ಗೆದ್ದವನಲ್ಲ ನಾನು. ಪಾನಾವನ್ನು ಅಲ್ಲೇ ಬಿಟ್ಟು ಜಾರಿ ಹೊರಬಂದೆ.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಒಳಗೆ ಹೋಗಿರಬೇಕೆಂದುಕೊಂಡೆ. ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದೆ. ಒಲೆ ಹಚ್ಚಿರಲಿಲ್ಲ. ಚಹಾದ ಪಾತ್ರೆ ಬೆಳಿಗ್ಗೆ ತೊಳೆದು ಕವಿಚಿಟ್ಟಂತೆಯೇ ಇತ್ತು. "ಶಶಿ" ಎಂದು ಕೂಗಿದೆ. ಇನ್ನೊಮ್ಮೆ ಕೂಗುವಷ್ಟರಲ್ಲಿ ಹೊರಗೆ ಶಬ್ದವಾಯಿತು. ಗೋಡೆಯ ಮೇಲಿನ ತಟ್ಟೆಗಳು ನಡುಗಿದವು.

ಓಡಿ ಹೋಗಿ ನೋಡಿದೆ. ಕಾರು ಸ್ಟ್ಯಾಂಡುಗಳಿಂದ ಜಾರಿ ನೆಲಕ್ಕೆ ಕೂತಿತ್ತು. ಮುಂದಿನ ಒಂದು ಸ್ಟ್ಯಾಂಡು ಕಲ್ಲುಗಳ ನಡುವೆ ಹೂತುಹೋಗಿ ಓರೆಯಾಗಿತ್ತು. ಬಗ್ಗಿ ನೋಡಿದರೆ, ನನ್ನ ಎದೆ ಇದ್ದ ಜಾಗದಲ್ಲಿ ಗೇರ್‌ಬಾಕ್ಸಿನ ಹೊಟ್ಟೆ ನೆಲ ಮುಟ್ಟಿತ್ತು. ಹಲಗೆಯ ತುದಿ ಅದರ ಕೆಳಗೆ ಸಿಕ್ಕಿ ಸೀಳಿತ್ತು.

ಮೊದಲು ನನಗೆ ಬಂದ ಭಯ ನನ್ನ ಜೀವದ್ದಲ್ಲ. ಶಶಿ ಒಳಗೆ ಕೂತಿದ್ದಳಲ್ಲ ಎಂದು. ಬಾಗಿಲು ಎಳೆದೆ. ಸೀಟು ಖಾಲಿ. ಹ್ಯಾಂಡ್‌ಬ್ರೇಕು ಮೇಲಕ್ಕೆ ಎಳೆದೇ ಇತ್ತು. ಮನೆಯ ಸುತ್ತ ಹುಡುಕಿದೆ, ತಾರಸಿಗೆ ಹೋದೆ, ಗೇಟಿನಾಚೆ ಬೀದಿ ನೋಡಿದೆ. ಕೊನೆಗೆ ಫೋನ್ ಮಾಡಿದೆ.

"ಎಂತ? ಪೇಶಂಟ್ ಇದ್ದಾರೆ ಈಗ" ಎಂದಳು ಮೆಲ್ಲಗೆ. ಹಿಂದಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳುತ್ತಿತ್ತು.

"ಎಲ್ಲಿದ್ದಿ?"

"ಕ್ಲಿನಿಕ್ಕಲ್ಲಿ. ಮತ್ತೆಲ್ಲಿ? ಎಂತಾಯ್ತು, ನಿಮ್ಮ ಸ್ವರ ಹೀಗೆ ಯಾಕುಂಟು?"

ಕಾರು ಬಿತ್ತು, ನನಗೇನೂ ಆಗಿಲ್ಲ ಎಂದಷ್ಟೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಮಲಯಾಳಿ ಹುಡುಗಿ ಲಿಜಿ ತನ್ನ ಗಾಡಿಯಲ್ಲಿ ಅವಳನ್ನು ತಂದುಬಿಟ್ಟಳು. ಶಶಿ ಕಾರಿನ ಕಡೆ ನೋಡಲಿಲ್ಲ. ನನ್ನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ನಿಂತಳು. ಲಿಜಿ ನಮಗೆ ನೀರು ತಂದುಕೊಟ್ಟಳು. ಮಾತಿನ ನಡುವೆ ನಾನೇ ಅವಳನ್ನು ಕೇಳಿದೆ, ಶಶಿ ಮಧ್ಯಾಹ್ನ ಎಲ್ಲಾದರೂ ಹೊರಗೆ ಹೋಗಿದ್ದಳೇ ಎಂದು. ಇಲ್ಲ, ಇಬ್ಬರೂ ಒಂದೇ ಡಬ್ಬಿಯಿಂದ ಉಂಡು ಒಂದೇ ಕೌಂಟರಿನಲ್ಲಿ ಕೂತಿದ್ದೆವು ಎಂದಳು.

ಲಿಜಿ ಹೋದ ಮೇಲೆ ಶಶಿಗೆ ನಡೆದದ್ದನ್ನು ಹೇಳಿದೆ. ಗೇಟು, ಬ್ರೇಕು, ಚಹಾದ ಮಾತು, ಎಲ್ಲ. ನಾನು ಆಡಿದ ಆ ಒಂದು ಮಾತನ್ನು ಮಾತ್ರ ಬಿಟ್ಟೆ.

ಇಂಥದ್ದನ್ನೆಲ್ಲ ನಂಬುವವಳು ನಮ್ಮಲ್ಲಿ ಅವಳು. ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕರೆಗೇ ಓಗೊಡಬಾರದು ಎಂದು ಅವಳ ಅಜ್ಜಿ ಹೇಳಿಕೊಟ್ಟಿದ್ದಳಂತೆ, ಇಂದಿಗೂ ಪಾಲಿಸುತ್ತಾಳೆ. ಹಾಗಾಗಿ ಅವಳಿಗೆ ಇದರಿಂದ ಸಮಾಧಾನವಾಗುತ್ತದೆ, ಯಾವುದೋ ದೈವ ಕಾಯಿತು ಎಂದು ಕೈಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಳಿಚಿಕೊಂಡಳು.

"ಆ ಹೊತ್ತಿಗೆ ನಿನಗ ನನ್ನ ನೆನಪು ಬಂದಿತ್ತೇನು?" ಎಂದು ಕೇಳಿದೆ. ದೂರದಿಂದಲೇ ಅವಳ ಮನಸ್ಸು ನನ್ನನ್ನು ಕರೆದಿರಬಹುದು ಎಂಬ ಒಂದು ಆಸೆ ನನಗಿತ್ತು, ಮುಚ್ಚಿಡುವುದೇಕೆ.

ಅವಳು ಯೋಚಿಸಿದಳು. "ಸತ್ಯ ಹೇಳ್ತೇನೆ, ನಿಮ್ಮ ನೆನಪೇ ಇರ್ಲಿಲ್ಲ ನಂಗೆ. ಒಬ್ಬರು ದವಡೆ ಹಲ್ಲು ತೆಗೆಸ್ಲಿಕ್ಕೆ ಬಂದವರು ಹೆದರಿ ಓಡಿ ಹೋಗಿದ್ರು. ಅವರನ್ನು ಕರಕೊಂಡು ಬರುವ ಗಡಿಬಿಡಿಯಲ್ಲಿದ್ದೆ." ಆಮೇಲೆ ಕೇಳಿದಳು, "ನನ್ನ ಸ್ವರ ತಗೊಂಡು ಬಂದದ್ದು ಯಾರು ಹಾಗಾದ್ರೆ?"

ಕಾರು ಬಿದ್ದದ್ದಕ್ಕೆ ಮಾತ್ರ ಉತ್ತರ ಮರುದಿನವೇ ಸಿಕ್ಕಿತು. ಕಲ್ಲುಗಳನ್ನು ಎತ್ತಿ ನೋಡಿದರೆ, ಏಸಿಯಿಂದ ತಿಂಗಳುಗಟ್ಟಲೆ ತೊಟ್ಟಿಕ್ಕಿದ ನೀರು ಅಡಿಯ ಮರಳನ್ನು ಕೊಚ್ಚಿ ಪೊಳ್ಳು ಮಾಡಿತ್ತು. ಅದು ನನ್ನ ಅಪ್ಪ ಒಪ್ಪುವಂಥ ಕಾರಣ. ಉಳಿದದ್ದಕ್ಕೆ ಸ್ಥಾವರದ ನಮ್ಮ ಡಾಕ್ಟರರನ್ನು ಕೇಳಿದೆ. ಒಳ್ಳೆಯ ಮನುಷ್ಯ, ನಗಲಿಲ್ಲ. ಬ್ರೇಕ್ ತೊಳೆಯುವ ದ್ರಾವಣದ ಹಬೆ ಮುಚ್ಚಿದ ಜಾಗದಲ್ಲಿ ತಲೆಗೇರುತ್ತದೆ ಎಂದರು. ಸ್ಟ್ಯಾಂಡು ಕುಸಿಯುವ ಸಣ್ಣ ಸದ್ದನ್ನು ಕಿವಿ ಕೇಳಿಸಿಕೊಂಡು, ನೀವು ಯಾರ ಮಾತು ಕೇಳುತ್ತೀರೋ ಅವರ ಸ್ವರದಲ್ಲೇ ಮಿದುಳು ನಿಮ್ಮನ್ನು ಎಬ್ಬಿಸಿರಬಹುದು ಎಂದರು. ಅದು ನನಗೆ ತುಂಬ ಹಿಡಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ನಂಬಿಕೊಂಡು ಬಂದೆ.

ಆದರೆ ಬೋಲ್ಟುಗಳಿದ್ದವು. ಕಾರನ್ನು ಎತ್ತಿ, ಈ ಸಲ ದಪ್ಪ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ ಮೇಲೆ ಕೆಳಗೆ ಹೋಗಿ ಒಂದೊಂದನ್ನೇ ಪರೀಕ್ಷಿಸಿದೆ. ಎಲ್ಲವೂ ಬಿಗಿಯಾಗಿದ್ದವು. ಒಂದನ್ನು ಸಡಿಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಬ್ಬನೇ ಬಿಗಿಯಲು ನೋಡಿದೆ. ಶಾಫ್ಟು ಪಾನಾದ ಜೊತೆಗೇ ತಿರುಗಿತು. ಬ್ರೇಕ್ ಎಳೆದಿಟ್ಟು ಬಂದರೆ ಆ ಒಂದು ಬಿಗಿಯಾಯಿತು, ಮುಂದಿನದು ಕೈಗೆಟುಕಲಿಲ್ಲ. ಪ್ರತಿ ಸಲ ಹೊರಗೆ ಬಂದು ಒಳಗೆ ಹತ್ತಿ ಎಳೆದು ಬಿಟ್ಟು ಮಾಡಿದ್ದರೆ ಒಬ್ಬನಿಂದಲೂ ಆಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಮಾಡಿ ಮರೆತಿರಬಹುದೇ ಎಂದು ನೀವು ಕೇಳಬಹುದು. ನಾನೂ ನನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಶಶಿ ಶೆಡ್ಡಿಗೆ ಬರುವುದನ್ನು ಬಿಟ್ಟಳು. ಕಾರನ್ನು ಕೊಟ್ಟುಬಿಡಿ ಎಂದಳು. ನಾನು ಆಗಲಿ ಎಂದೆ, ಆದರೆ ಕೊಡಲಿಲ್ಲ. ಗೇರ್‌ಬಾಕ್ಸಿನ ಬಿದ್ದಾಗ ಬಿರುಕು ಬಿಟ್ಟ ಕವಚಕ್ಕೆ ಬೆಸುಗೆ ಹಾಕಿಸಿ, ಉಳಿದ ಕೆಲಸವನ್ನು ಕೂಲಿಗೆ ಕರೆದ ಮೆಕ್ಯಾನಿಕ್ ಒಬ್ಬನ ನೆರವಿನಿಂದ ಮುಗಿಸಿದೆ. ಕೆಲಸವೇನೋ ನಡೆಯಿತು, ಮೊದಲಿನ ರುಚಿ ಇರಲಿಲ್ಲ. ಇಂಜಿನ್ನು ಮೊದಲ ಸಲ ಶುರುವಾದ ದಿನ ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ನಾನು ಕೈಸನ್ನೆ ಮಾಡಿ ಕರೆದೆ. ತಲೆಯಾಡಿಸಿದಳು. ನರ್ತೆ ಸಣ್ಣಗೆ ಶಿಳ್ಳೆ ಹಾಕಿತು. ಅವಳಿಗೆ ನಗು ಬಂತು, ಆದರೆ ಹೊರಗೆ ಬರಲಿಲ್ಲ.

ತಪಾಸಣೆ ಮುಗಿದು ಕಾರಿನ ಮುಲ್ಕಿಯಾ, ಅಂದರೆ ನೋಂದಣಿ ಪತ್ರ, ಕೈಗೆ ಬಂದ ವಾರ ಅವಳೇ ಹೇಳಿದಳು. "ನಿಜ್ವಾಕ್ಕೆ ಹೋಗುವ. ಅವರನ್ನು ಕೇಳುವ. ಈ ಕಾರಿನಲ್ಲಿ ಯಾರಿಗಾದ್ರೂ ಎಂತದ್ದಾದ್ರೂ ಆಗಿದ್ಯಾ ಅಂತ. ಆಗಿದೆ ಅಂತಾದ್ರೆ ಅಲ್ಲೇ ಬಿಟ್ಟು ಬರುವ."

ಶುಕ್ರವಾರ ಬೆಳಿಗ್ಗೆ ಅದರಲ್ಲೇ ಹೊರಟೆವು. ಅವಳು ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಳು. ಸುಲೈಮಾನ್ ಗೇಟಿನಲ್ಲೇ ನಿಂತಿದ್ದ. ನಮ್ಮ ಮುಖ ನೋಡುವುದಕ್ಕಿಂತ ಮೊದಲು ಬಾನೆಟ್ ತೆರೆಸಿದ. ಇಂಟರ್‌ಕೂಲರನ್ನು ಮುಟ್ಟಿ ನೋಡಿ ನಾಲಿಗೆ ಲೊಚಗುಟ್ಟಿದ. ಅವರ ಅರಬಿ ಕಾಫಿ, ಕಾಹ್ವಾ, ಕುಡಿಯುವಾಗ ನಾನು ತಡವರಿಸುತ್ತ ಕೇಳಿದೆ, ಈ ಕಾರಿಗೆ ಸಂಬಂಧಪಟ್ಟವರು ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದ್ದು ಒಳಗೆ ಹೋದ. ತಾಯಿಯನ್ನು ಕರೆತಂದ, ಹೆಂಡತಿಯನ್ನು ಕರೆತಂದ, ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ. ಪಕ್ಕದ ಮನೆಯಿಂದ ತಮ್ಮನನ್ನೂ ಕೂಗಿ ಕರೆದ. "ಇದರಲ್ಲಿ ಕೂತವರು ಇಷ್ಟೇ ಜನ. ಎಲ್ಲರೂ ಇದ್ದೇವೆ, ಅಲ್‌ಹಮ್ದುಲಿಲ್ಲಾ" ಎಂದ. ಅವನ ತಾಯಿ ಶಶಿಯ ಕೈ ಹಿಡಿದು ಏನೋ ಕೇಳಿದಳು. ಸುಲೈಮಾನ್ ಹಿಂದಿಯಲ್ಲಿ ಹೇಳಿದ: "ಈ ಹುಡುಗಿ ಏಕೆ ಹೆದರಿದ್ದಾಳೆ ಎಂದು ಕೇಳುತ್ತಿದ್ದಾರೆ." ಶಶಿ ತಲೆ ತಗ್ಗಿಸಿ ನಕ್ಕಳು. ಊಟ ಮಾಡದೆ ಬಿಡಲಿಲ್ಲ ಅವರು. ಹೊರಡುವ ಮುನ್ನ ಸುಲೈಮಾನ್ ಕಾರನ್ನು ಒಮ್ಮೆ ಓಡಿಸಲು ಕೇಳಿದ. ತಮ್ಮನನ್ನು ಕೂರಿಸಿಕೊಂಡು ಹೋದವನು, ನಾವು ಹೆದರುವಷ್ಟು ಹೊತ್ತಾದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಬಂದ. ಕಿಟಕಿಯ ಗಾಳಿ ಹೊಡೆದು ಬಂದ ನೀರು ಎಂದ.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಎರಡೂ ಕಡೆ ಬೋಳು ಗುಡ್ಡಗಳು ಕೆಂಪಾಗಿದ್ದವು. ಶಶಿ, "ಹಾಗಾದ್ರೆ ಅದು ಕಾರಿನ ಒಟ್ಟಿಗೆ ಬಂದದ್ದಲ್ಲ" ಎಂದಳು. ಕೈಚೀಲವನ್ನು ಕಾಲ ಬಳಿ ಇಳಿಸಿದಳು. ಆಮೇಲೆ ಕೇಳಿದಳು, "ಅಷ್ಟು ಹೊತ್ತು ಅದರ ಹತ್ರ ನೀವು ಎಂತ ಮಾತಾಡಿದ್ರಿ? ಬರೀ ಎಳಿ, ಬಿಡು ಅಷ್ಟೇ ಅಲ್ಲ. ನೀವು ಸುಮ್ಮನೆ ಇರುವವರಲ್ಲ."

ರಸ್ತೆ ನೋಡುತ್ತಲೇ ಹೇಳಿದೆ. ಶೆಡ್ಡಿನಲ್ಲಿ ಹೇಳಿದ್ದನ್ನೇ, ಅಷ್ಟೇ ಮಾತುಗಳಲ್ಲಿ. ಅವಳು ಕಿಟಕಿಯ ಕಡೆ ತಿರುಗಿದಳು. ಸಮಾಯಿಲಿನ ತಿರುವು ದಾಟಿದೆವು.

"ಇನ್ನೊಮ್ಮೆ ಹೇಳಿ. ಇಂಜಿನ್ ಶಬ್ದಕ್ಕೆ ಸರಿ ಕೇಳ್ಲಿಲ್ಲ."

ಕೇಳಿಸಿತ್ತೆಂದು ನನಗೆ ಗೊತ್ತು. ಇನ್ನೊಮ್ಮೆ ಹೇಳಿದೆ.

"ನಂಗಿಂತ ಮೊದಲು ಅದಕ್ಕೆ ಹೇಳಿದ್ರಲ್ಲ" ಎಂದಳು. "ಅದೇ ಬೇಜಾರು ನಂಗೆ."

ಮರುದಿನ ಶನಿವಾರ. ಕ್ಲಿನಿಕ್ಕಿನಿಂದ ಬಂದವಳು ಬಟ್ಟೆ ಬದಲಿಸಿ ಸೀದಾ ಶೆಡ್ಡಿಗೆ ಬಂದಳು. ಅಂದಿನಿಂದ ನಮ್ಮ ಕೆಲಸ ಮತ್ತೆ ಮೊದಲಿನಂತಾಯಿತು. ಆ ಕಾರು ಈಗಲೂ ನಮ್ಮಲ್ಲಿದೆ. ಓಡಿಸುವುದಕ್ಕಿಂತ ಬಿಚ್ಚಿ ಜೋಡಿಸುವುದೇ ಹೆಚ್ಚು. ಆ ಸ್ವರವನ್ನು ನಾನು ಮತ್ತೆ ಕೇಳಿಲ್ಲ.

ಯಾರದು ಅದು? ನನಗೆ ಗೊತ್ತಿಲ್ಲ. ಡಾಕ್ಟರರ ಮಾತು ಅರ್ಧ ಸರಿಯಿರಬಹುದು. ಉಳಿದ ಅರ್ಧಕ್ಕೆ ನನ್ನ ಓದಿನಲ್ಲಿ, ನನ್ನ ಕೆಲಸದಲ್ಲಿ ಎಲ್ಲಿಯೂ ಜಾಗ ಸಿಕ್ಕಿಲ್ಲ. ಭಯವಾಗುತ್ತದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದ್ದರ ಬಗ್ಗೆ ಭಯ ಹೇಗೆ ಹುಟ್ಟೀತು? ಶಶಿಗೆ ಮಾತ್ರ ಅದು ಇನ್ನೂ ಪೂರ್ತಿ ಹೋಗಿಲ್ಲ. ಮೊನ್ನೆ ನಾನು ಕಾರಿನಡಿ ಇದ್ದಾಗ ಅವಳು ನೆಲದ ಮೇಲೆ ಕೈಯೂರಿ, ಬಗ್ಗಿ, ನನ್ನ ಮುಖ ನೋಡುತ್ತ ಕೇಳಿದಳು.

"ನಾನಿಲ್ಲದಾಗ ಅದು ಮತ್ತೆ ಕರೆದ್ರೆ ಎಂತ ಮಾಡ್ತೀರಿ? ನಾನಾ ಅಲ್ವಾ ಅಂತ ನೋಡ್ತೀರಾ?"

"ಮೊದಲ ಹೊರಗ ಬರ್ತೀನಿ. ಆಮ್ಯಾಲೆ ನೋಡ್ತೀನಿ."

ಅವಳು ಕೈಗೆ ಹತ್ತಿದ ಮಣ್ಣು ಕೊಡವಿಕೊಂಡಳು.

"ಹ್ಞಾ, ಹಾಗೇ ಮಾಡಿ" ಎಂದಳು.